ಸೀಲ್ ಇನ್ನೂ ಬಂದಿಲ್ಲ

ಮಾರ್ಚ್ 3, ಸೋಮವಾರ

ಮತ್ತೆ ಎಣ್ಣೆ. ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದರೂ ಉಗುರಿನ ಸಂದಿಯದು ಹೋಗಲಿಲ್ಲ. ನಾನು ಮುಟ್ಟಿದ ಲೋಟಕ್ಕೂ ಗ್ರೀಸಿನ ವಾಸನೆ ಅಂತ ಅಮ್ಮನ ಗೊಣಗಾಟ. ಇರಲಿ. ಗ್ಯಾರೇಜಿನವನ ಮಗಳ ಮೈಯಿಂದ ಮಲ್ಲಿಗೆ ವಾಸನೆ ಬರುತ್ತದೆಯೇ?

ಇವತ್ತು ರಿಪೇರಿಗೆ ಎರಡು ಫಿರಂಗಿ ಒಳಗೆ, ರಿಪೇರಿಯಾಗಿ ಒಂದು ಹೊರಗೆ. ಚಿಕ್ಕ ಬೀಗರ ಬೋಲ್ಟಿಗೆ ದೊಡ್ಡ ಬೀಗರ ಸ್ಪ್ಯಾನರ್ ಕೂರುವುದಿಲ್ಲ. ಆಯುಧ ಕೊಡುವ ಪರದೇಶಗಳಿಗೆ ನಮ್ಮ ಶೆಡ್ಡಿನಲ್ಲಿ ಬೀಗರು ಅಂತಲೇ ಹೆಸರು. ಮೇಸ್ತ್ರಿ ಇಟ್ಟದ್ದು. ಕೊಟ್ಟದ್ದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ, ಕೊಡಬೇಕಾದದ್ದಕ್ಕೆ ಮುಹೂರ್ತ ಹುಡುಕುತ್ತಾರೆ. ನಮ್ಮ ಮನೆಗೆ ಬೆಂಕಿ ಬಿದ್ದಿದ್ದರೂ ನಾವು ಮಾತ್ರ ನಗುನಗುತ್ತಾ ಉಪಚಾರ ಮಾಡುತ್ತಿರಬೇಕು. ದಾನ ಬಂದ ಹಸುವಿನ ಹಲ್ಲು ಎಣಿಸಬಾರದಂತೆ. ಎಣಿಸುವುದಿಲ್ಲಪ್ಪ. ಆದರೆ ಒಂದೊಂದು ಹಸುವಿಗೆ ಒಂದೊಂದು ಹುಲ್ಲು ಅಂದರೆ ಎಲ್ಲಿಂದ ತರೋಣ?

ಸಂಜೆ ಟಿವಿಯಲ್ಲಿ ಟೈ ಕಟ್ಟಿದವನೊಬ್ಬ — ಇದು ಸವೆಸುವ ಯುದ್ಧ, ಯಾರು ಮೊದಲು ಸವೆಯುತ್ತಾರೋ ಅವರು ಸೋತಂತೆ ಅಂದ. ಒಳ್ಳೆಯ ಇಸ್ತ್ರಿಯ ಅಂಗಿ. ಅವನೇನೂ ಸವೆದಂತೆ ಕಾಣಲಿಲ್ಲ.

ಯುದ್ಧಕ್ಕೆ ಹೋದ ತಮ್ಮನ ಫೋನ್ ಇಲ್ಲ. ಅಮ್ಮ ಕೇಳಲಿಲ್ಲ. ಕೇಳದೆ ಇರುವುದೇ ಹೆಚ್ಚು ಕಷ್ಟ.

ಮಾರ್ಚ್ 5, ಬುಧವಾರ

ಕಡ್ಡಿ ಬಂದ!

ಮಧ್ಯಾಹ್ನ ಒಂದು ಟ್ರೇಲರ್ ಗೇಟಿನೊಳಗೆ ತಿರುಗಿತು, ಹಿಂದೆ ರಸ್ತೆಯುದ್ದಕ್ಕೂ ಎಣ್ಣೆಯ ಗೆರೆ. ಯಾವನೋ ಅದು ಅಂತ ಬೈಯಲು ಬಾಯಿ ತೆರೆದಿದ್ದೆ. ಮೇಲಿಂದ ಇಳಿದವನು ನನ್ನ ತಮ್ಮ. ಮೊದಲೇ ಕಡ್ಡಿ, ಈಗ ಅಂಗಿ ನೇತುಹಾಕಿದ ಗೂಟದ ಹಾಗಿದ್ದಾನೆ. ಕಿವಿ ಮಂದವಾಗಿದೆ, ಎಲ್ಲರೂ ಕಿವುಡರು ಅನ್ನುವಂತೆ ಅವನೇ ಕೂಗಿ ಮಾತಾಡುತ್ತಾನೆ. ಮುಟ್ಟಿ ನೋಡಿದೆ. ಬೆನ್ನು, ತೋಳು, ತಲೆ. ಎಲ್ಲ ಇದೆ. "ಏನಕ್ಕಾ, ಬಿಡಿಭಾಗ ಚೆಕ್ ಮಾಡ್ತಿದೀಯಾ?" ಅಂದ. ಅತ್ತುಬಿಟ್ಟೆ. ಶೆಡ್ಡಿನವರೆಲ್ಲ ನೋಡುತ್ತಿದ್ದರು, ನೋಡಲಿ.

ಅವನ ಫಿರಂಗಿಯ ಹೆಸರು ಅತ್ತೆ. ದಿನವಿಡೀ ಎಣ್ಣೆ ಹಚ್ಚಿ ಓಲೈಸಬೇಕು, ಬಾಯಿ ತೆರೆದರೆ ಊರಿಗೇ ಕೇಳಬೇಕು, ಅದಕ್ಕೆ. ಐದು ಜನರ ತಂಡ. ಮುಖ್ಯಸ್ಥರು ಮೊದಲು ಅಂಚೆಯವರಾಗಿದ್ದರಂತೆ, ನರೆತ ಮೀಸೆ. ಅತ್ತೆಯ ಜೊತೆ ಬಾಳುವವರು ಮಾವನಲ್ಲದೆ ಇನ್ಯಾರು — ಅವರನ್ನು ಎಲ್ಲರೂ ಮಾವ ಅನ್ನುತ್ತಾರೆ.

ನಮ್ಮಲ್ಲಿ ಫಿರಂಗಿ ಬಂದರೆ ಅದರ ಆಳುಗಳೂ ಜೊತೆಗೇ. ಈ ಶೆಡ್ಡು ಮೊದಲು ಬಸ್ ಡಿಪೋ. ಮೇಲೆ ಕಂಡಕ್ಟರುಗಳು ಮಲಗುತ್ತಿದ್ದ ಹಾಲ್ ಇದೆ, ರಿಪೇರಿ ಮುಗಿಯುವ ತನಕ ಅಲ್ಲೇ ಬಿಡಾರ. ಮುಗಿದ ದಿನ ವಾಪಸ್. ಒಂದು ತಂಡದ ಫಿರಂಗಿಯನ್ನು ಇನ್ನೊಂದು ತಂಡಕ್ಕೆ ಕೊಡುವ ಪದ್ಧತಿ ಇಲ್ಲ.

ಸಂಜೆ ಹೊತ್ತಿಗೆ ಐದೂ ಜನ ಗೊರಕೆ. ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. ಕಡ್ಡಿಯ ಗೊರಕೆ ನನಗೆ ಗೊತ್ತು, ಚಿಕ್ಕಂದಿನಲ್ಲಿ ಅದಕ್ಕೇ ಒದೆಯುತ್ತಿದ್ದೆ.

ಮಾರ್ಚ್ 6, ಗುರುವಾರ

ಅತ್ತೆಯನ್ನು ಬಿಚ್ಚಿದೆ. ನಳಿಕೆ ಚೆನ್ನಾಗಿದೆ, ಹೊಸದು. ಗುಂಡು ಹಾರಿದಾಗ ನಳಿಕೆ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತ ತಾಳಿಕೊಳ್ಳುವ ಸಿಲಿಂಡರಿನ ಸೀಲ್ ಹೋಗಿದೆ. ಅಷ್ಟೇ. ಒಂದು ರಬ್ಬರ್ ಬಳೆ. ಬಸ್ಸಿನ ಜ್ಯಾಕಿಗೆ ಅಪ್ಪನ ಜೊತೆ ಇಂಥವು ನೂರಾರು ಹಾಕಿದ್ದೇನೆ. ಅರ್ಧ ದಿನದ ಕೆಲಸ.

ಆ ಅಳತೆಯ ಸೀಲ್ ಒಂದೇ ಒಂದು ಉಳಿದಿತ್ತು, ನನ್ನ ಡ್ರಾಯರಿನಲ್ಲಿ. ಕೈಯಲ್ಲಿ ಹಿಡಿದುಕೊಂಡೆ. ಮೇಲಿನಿಂದ ಗೊರಕೆ ಇನ್ನೂ ಕೇಳುತ್ತಿತ್ತು, ಹಗಲು ಹತ್ತು ಗಂಟೆಗೆ. ಮೇಸ್ತ್ರಿ ಬಂದು ಏನಮ್ಮಾ ಕಥೆ ಅಂದರು.

"ಸೀಲ್ ಇಲ್ಲ ಮೇಸ್ತ್ರಿಗಳೇ. ಬೀಗರ ಹಡಗು ಬರಬೇಕು."

ಬಾಯಿಂದ ಅದೇ ಬಂತು. ಯೋಚಿಸಿ ಹೇಳಿದ್ದಲ್ಲ. ಅವರು ತಲೆ ಕೆರೆದುಕೊಂಡು ಹೋದರು. ಸೀಲನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಊಟದ ಚೀಲಕ್ಕೆ ಹಾಕಿಕೊಂಡೆ. ಈಗ ಅಮ್ಮನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ, ದಾರದುಂಡೆಗಳ ಹಿಂದೆ. ಒಂದು ವಾರ. ನಿದ್ದೆ ಮಾಡಲಿ, ಮೈಗೆ ಒಂದಿಷ್ಟು ಮಾಂಸ ಹತ್ತಲಿ. ಆಮೇಲೆ ಸಿಕ್ಕಿತು ಅಂತ ಹೇಳಿದರಾಯಿತು.

ಮಾರ್ಚ್ 9, ಭಾನುವಾರ

ಪಾಸ್ ಸಿಕ್ಕಿತು, ಕಡ್ಡಿ ಮನೆಗೆ ಬಂದ. ಅಮ್ಮ ಅವನ ತಟ್ಟೆಗೆ ಬಡಿಸುವುದು, ಅವನು ಸಾಕು ಅನ್ನುವುದು, ಅವಳು ಕೇಳಿಸದವಳ ಹಾಗೆ ಮತ್ತೆ ಬಡಿಸುವುದು. ಈಗ ಮನೆಯಲ್ಲಿ ಇಬ್ಬರು ಕಿವುಡರು. ಸೋರುವ ನಲ್ಲಿ ರಿಪೇರಿ ಮಾಡಿದ. ನಾನಿದ್ದೂ ವರ್ಷದಿಂದ ಸೋರುತ್ತಿತ್ತು — ಹಿತ್ತಲ ಗಿಡ ಮದ್ದಲ್ಲ.

ಊಟದ ಮೇಲೆ ಬಾಗಿಲ ಮೆಟ್ಟಿಲಲ್ಲಿ ಕೂತು ಒಂದಿಷ್ಟು ಹೇಳಿದ. ಆಚೆಯವರು ಬೆಳಗಿಂದ ಸಂಜೆ ತನಕ ಹೊಡೀತಾರಂತೆ, ಇವರಿಗೆ ದಿನಕ್ಕೆ ನಾಲ್ಕು ಗುಂಡು. ಬೆಳಗ್ಗೆಯೇ ನಾಲ್ಕೂ ಹಾರಿಸಿ, ಆಮೇಲೆ ಸುಮ್ಮನೆ ಕೂತು ತಿನ್ನುವುದು. ಏಟನ್ನು.

"ಗೆಲ್ಲೋಷ್ಟು ಕೊಡಲ್ಲ, ಸೋಲೋಕೂ ಬಿಡಲ್ಲ ಅಕ್ಕಾ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತಾರಲ್ಲ, ಆ ಕೋಲು ನಾವೇ."

ನಗುತ್ತಲೇ ಅಂದ. ಆಮೇಲೆ, ನಮ್ಮ ಪಕ್ಕದ ಫಿರಂಗಿಯವರು ಈಗ ಒಬ್ಬರೇ ಆಗಿದ್ದಾರೆ, ನಾವಿಲ್ಲಿ ಮಲಗಿದ್ದೇವೆ, ಸೀಲ್ ಯಾವಾಗ ಬರತ್ತೆ ಅಂತ ಕೇಳಿದ. ಗೊತ್ತಿಲ್ಲ ಅಂದೆ. ಅವನು ಕೂತಿದ್ದಲ್ಲಿಂದ ಹೊಲಿಗೆ ಯಂತ್ರ ಮೂರು ಮಾರು ದೂರ.

ಮಾರ್ಚ್ 13, ಗುರುವಾರ

ದೊಡ್ಡ ಬೀಗರ ಪಾರ್ಲಿಮೆಂಟಿನಲ್ಲಿ ನಮಗೆ ಸಾಮಾನು ಕಳಿಸುವ ಓಟು ಮುಂದೆ ಹೋಯಿತು. ಹಡಗು ಬಂದರಿನಲ್ಲೇ. ನಮ್ಮ ವಾರ್ಡಿನ ಮೆಂಬರ್ ಯಾರು ಅಂತ ಗೊತ್ತಿಲ್ಲದ ಅಮ್ಮನಿಗೆ ಈಗ ಬೀಗರ ದೇಶದಲ್ಲಿ ಯಾವ ಪಾರ್ಟಿಗೆ ಎಷ್ಟು ಸೀಟು ಅನ್ನುವುದು ಬಾಯಿಪಾಠ. ಟಿವಿಗೆ ಬೈದಳು. ನಿಮ್ಮ ಮಕ್ಕಳನ್ನ ಕಳಿಸಿ ನೋಡೋಣ, ಆಗ ಗೊತ್ತಾಗತ್ತೆ ಅಂತ.

ಇವತ್ತು ವಿಡಿಯೋ ಕಾಲ್. ಫಿರಂಗಿ ಮಾಡಿದ ಕಾರ್ಖಾನೆಯ ಮೆಕ್ಯಾನಿಕ್, ಅಲ್ಲಿಂದಲೇ ನಮಗೆ ಹೇಳಿಕೊಡುವವನು. ಒಳ್ಳೆಯವನು ಪಾಪ. ಮೇಸ್ತ್ರಿ ಸೀಲ್ ಕೇಳಿದರು. ಅವನು ಮುಖ ಸಪ್ಪಗೆ ಮಾಡಿ ಹಿಂದಕ್ಕೆ ಕೈ ತೋರಿಸಿದ. ಅವನ ಬೆನ್ನ ಹಿಂದಿನ ಕಪಾಟಿನಲ್ಲಿ ಅದೇ ಪೆಟ್ಟಿಗೆಗಳು, ಸಾಲಾಗಿ, ಲೇಬಲ್ ಓದಬಹುದಿತ್ತು. ಸಹಿ ಆಗದೆ ಒಂದನ್ನೂ ಮುಟ್ಟುವ ಹಾಗಿಲ್ಲವಂತೆ. ದೇವರು ಕೊಟ್ಟರೂ ಪೂಜಾರಿ ಬಿಡ. ಮೇಸ್ತ್ರಿ ಫೋನಿನ ಗಾಜನ್ನೇ ನೋಡುತ್ತಾ ನಿಂತರು, ಕೈ ಹಾಕಿದರೆ ಸಿಕ್ಕೀತು ಅನ್ನುವ ಹಾಗೆ.

ನಾನು ನೆಲ ನೋಡಿದೆ. ಬೀಗರನ್ನು ಬೈಯುವ ನನ್ನ ಬಾಯಿಗೆ ಇವತ್ತು ಬೀಗ. ಅವರ ಕಪಾಟಿನಲ್ಲಿ ಪೆಟ್ಟಿಗೆಗಟ್ಟಲೆ, ನನ್ನಲ್ಲಿ ಒಂದು. ಬಚ್ಚಿಟ್ಟದ್ದು ಬಚ್ಚಿಟ್ಟದ್ದೇ.

ವಾರ ಮುಗಿಯಿತು. ನಾಳೆ ಹೇಳುತ್ತೇನೆ. ಕಡ್ಡಿಯ ಕೆನ್ನೆ ಈಗಷ್ಟೇ ತುಂಬಿಕೊಳ್ಳುತ್ತಿದೆ... ಸೋಮವಾರ ಹೇಳುತ್ತೇನೆ. ಸೋಮವಾರ ಖಂಡಿತ.

ಮಾರ್ಚ್ 17, ಸೋಮವಾರ

ಹೇಳಲು ಬಾಯಿ ತೆರೆಯುವ ಮೊದಲೇ ಇನ್ನೊಂದು ಫಿರಂಗಿ ಬಂತು. ಅತ್ತೆಯ ಜಾತಿಯದೇ, ಅದೇ ಬೀಗರದು. ಅದರವರು ಅದಕ್ಕೆ ಸೊಸೆ ಅಂತ ಹೆಸರಿಟ್ಟಿದ್ದಾರೆ, ನಗಬೇಕೋ ಅಳಬೇಕೋ. ಸೊಸೆಯ ಸಿಲಿಂಡರ್ ಗಟ್ಟಿ, ನಳಿಕೆ ಸೀಳಿಹೋಗಿದೆ.

ಹಿಂದೆಯೇ ಕ್ಯಾಪ್ಟನ್ ಬಂದರು, ಸರಬರಾಜು ನೋಡುವವರು. ಕೆಂಪು ಕಣ್ಣು, ಕುಡಿದು ಅಲ್ಲ. ಮೇಲಿನ ಆರ್ಡರ್ ಓದಿದರು. ಹಡಗು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ, ಇನ್ನು ಬಿಡಿಭಾಗಕ್ಕೆ ಕಾಯುವ ಹಾಗಿಲ್ಲ. ಎರಡು ಕೆಟ್ಟದ್ದನ್ನು ಸೇರಿಸಿ ಒಂದು ಒಳ್ಳೆಯದು ಮಾಡಿ. ಅತ್ತೆಯ ನಳಿಕೆ ತೆಗೆದು ಸೊಸೆಗೆ.

ಇದು ಹೊಸತಲ್ಲ, ಮೊದಲೂ ಮಾಡಿದ್ದೇವೆ. ಫಿರಂಗಿ ಕಳೆದುಕೊಂಡ ತಂಡ ಹೊಸದು ಬರುವ ತನಕ ಮೇಲಿನ ಹಾಲಿನಲ್ಲಿ ಕಾಯುತ್ತಿತ್ತು. ಒಳಗೊಳಗೇ ಖುಷಿಯಾಯಿತು ಕೂಡ, ಕಡ್ಡಿ ಇನ್ನೂ ತಿಂಗಳು ಇಲ್ಲೇ ಅಂತ. ಎಂಥ ಪಾಪಿ ನಾನು.

ಕ್ಯಾಪ್ಟನ್ ಕಾಗದ ಮಡಚುತ್ತಾ ಮುಂದಿನದು ಹೇಳಿದರು. ಮುಂದೆ ಆಳು ಸಾಲುತ್ತಿಲ್ಲ. ಫಿರಂಗಿ ಇಲ್ಲದ ತಂಡ ಬುಧವಾರ ಕಂದಕಕ್ಕೆ.

ಫಿರಂಗಿಯವರು ಯುದ್ಧದ ಗೆರೆಯಿಂದ ಮೈಲಿಗಟ್ಟಲೆ ಹಿಂದೆ ಇರುತ್ತಾರೆ. ಕಂದಕ ಅಂದರೆ ಗೆರೆಯೇ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂದರು ಮಾವ. ಯಾರೂ ನಗಲಿಲ್ಲ. ಕಡ್ಡಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ, ಪರೀಕ್ಷೆಯಲ್ಲಿ ಫೇಲಾದಾಗ ಹಾರಿಸುತ್ತಿದ್ದ ಹಾಗೆ.

ಮಾರ್ಚ್ 18, ಮಂಗಳವಾರ

ಬೆಳಗ್ಗೆ ಸೀಲನ್ನು ರವಿಕೆಯೊಳಗೆ ಇಟ್ಟುಕೊಂಡು ಓಡಿದೆ. ಅರ್ಧ ದಾರಿಯಲ್ಲಿ ಸೈರನ್. ಬಸ್ಸಿನವನು ಎಲ್ಲರನ್ನೂ ಇಳಿಸಿ ನೆಲದಡಿಯ ಅಂಗಡಿ ಸಾಲಿನೊಳಗೆ ನೂಕಿದ. ಅಲ್ಲಿ ಒಬ್ಬಳು ಸ್ವೆಟರ್ ಹೆಣೆಯುತ್ತಾ ಕೂತಿದ್ದಳು, ಅವಳ ಸೂಜಿಯ ಸದ್ದಿಗೇ ಹುಚ್ಚು ಹಿಡಿಯುವಂತಾಯಿತು. ಸೈರನ್ ನಿಂತು ಹೊರಗೆ ಬಿಟ್ಟ ಮೇಲೆ ನಡೆದೇ ಹೋದೆ.

ತಲುಪುವಷ್ಟರಲ್ಲಿ ಅತ್ತೆಯ ನಳಿಕೆ ಕ್ರೇನಿನಲ್ಲಿ ತೂಗುತ್ತಿತ್ತು.

ಮೇಸ್ತ್ರಿಯನ್ನು ಪಕ್ಕಕ್ಕೆ ಎಳೆದು ಸೀಲ್ ಕೊಟ್ಟೆ. ಸಿಕ್ಕಿತು ಅಂದೆ. ಅವರು ಕೈಯಲ್ಲಿ ತಿರುಗಿಸಿ ನೋಡಿದರು. ನನ್ನ ಮೈಯ ಶಾಖಕ್ಕೆ ಬೆಚ್ಚಗಿತ್ತು ಅದು. ಡ್ರಾಯರಿನಲ್ಲಿ ಬಿದ್ದಿದ್ದ ರಬ್ಬರ್ ಬೆಚ್ಚಗಿರುವುದಿಲ್ಲ ಅಂತ ಅವರಿಗೆ ಗೊತ್ತು.

"ನಾನಾದ್ರೂ ಇದನ್ನೇ ಮಾಡ್ತಿದ್ದೆ ಅಂತ ಹೇಳಲ್ಲಮ್ಮ. ನನಗೆ ತಮ್ಮ ಇಲ್ಲ."

ಅಷ್ಟೇ. ಯಾರಿಗೂ ಹೇಳಲಿಲ್ಲ. ನನ್ನ ಪರವಾಗಿ ತಾವೇ ಕ್ಯಾಪ್ಟನ್ ಹತ್ತಿರ ಹೋದರು, ಸೀಲ್ ಮೂಲೆಯಲ್ಲಿ ಸಿಕ್ಕಿತು, ಅತ್ತೆಯನ್ನೇ ನಿಲ್ಲಿಸೋಣ ಅಂತ. ನಾನೂ ಹಿಂದೆ ಹೋದೆ. ಕ್ಯಾಪ್ಟನ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎದುರು ಮಾತಾಡಬಹುದಿತ್ತು. ನಳಿಕೆ ಒಂದೇ, ಯಾವುದಕ್ಕೆ ಹಾಕಿದರೂ ಫಿರಂಗಿ ಒಂದೇ, ತಂಡ ಒಂದೇ ಅಂದರು. ಮೊನ್ನೆ ಸಿಕ್ಕಿದ್ದರೆ ಅತ್ತೆ ಆಗಲೇ ಹೊರಟುಹೋಗಿರುತ್ತಿದ್ದಳು, ಅವಳ ನಳಿಕೆಗೆ ಯಾರೂ ಕೈ ಹಾಕುತ್ತಿರಲಿಲ್ಲ. ಈಗ ಅತ್ತೆಯವರು ಉಳಿಯಬೇಕಾದರೆ ಸೊಸೆಯವರು ಹೋಗಬೇಕು.

"ಯಾರನ್ನ ಕಳಿಸ್ಲಿ? ನೀವೇ ಹೇಳಿ, ಅವರನ್ನೇ ಕಳಿಸ್ತೀನಿ."

ಸೊಸೆಯ ತಂಡದವನೊಬ್ಬ ಆಚೆ ನಿಂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ. ಎಡಚ. ಅವನಿಗೂ ಎಲ್ಲೋ ಒಬ್ಬಳು ಅಕ್ಕ ಇರುತ್ತಾಳೆ. ಹೇಳಬೇಕಾಗಿತ್ತಾ? ಈಗಲೂ ಗೊತ್ತಿಲ್ಲ. ಹೇಳಲಿಲ್ಲ, ಅಷ್ಟೇ.

ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ನಾನು ಮಾಡಿದ್ದನ್ನು ಅವನು ಉಣ್ಣಬೇಕು.

ಮಾರ್ಚ್ 19, ಬುಧವಾರ

ಹೋದರು.

ಅತ್ತೆಗೆ ಗುಂಡು ಹಾರಿಸಲು ಎಳೆಯುವ ಹಗ್ಗ ಒಂದಿತ್ತು, ಕೆಂಪು. ಕಡ್ಡಿ ಅದನ್ನು ಬಿಚ್ಚಿಕೊಂಡು ತನ್ನ ಚೀಲಕ್ಕೆ ಸುತ್ತಿ ಬಿಗಿದ. ನೆನಪಿಗೆ ಅಂದ. ನಿಜ ಹೇಳಿಬಿಡೋಣ ಅಂತ ಅವನ ತೋಳು ಹಿಡಿದೆ. ಅವನೇ ಮೊದಲು ಬಾಯಿ ತೆರೆದ. "ಅಮ್ಮನಿಗೆ ಹೇಳ್ಬೇಡ. ಸೀಲ್ ಬಂದಿಲ್ಲ, ಶೆಡ್‌ನಲ್ಲೇ ಇದಾನೆ, ಪಾಸ್ ನಿಲ್ಸಿದಾರೆ ಅಂತ ಹೇಳು. ಸುಳ್ಳು ಹೇಳೋಕೆ ಬರತ್ತೆ ತಾನೇ ನಿನಗೆ?"

ಬರತ್ತೆ ಕಣೋ.

ಲಾರಿ ಹತ್ತುವಾಗ ಮಾವ ನನಗೆ ಕೈ ಮುಗಿದರು. ಎರಡು ವಾರ ಮಕ್ಕಳ ಹಾಗೆ ಮಲಗಿದ್ವಿ, ಆ ಸೀಲ್ ತಡ ಮಾಡಿದ ಪುಣ್ಯಾತ್ಮ ಯಾರೋ, ತಣ್ಣಗಿರಲಿ ಅಂದರು. ಅಲ್ಲೇ ನೆಲ ಬಿರಿಯಬಾರದಿತ್ತೇ.

ಮಾರ್ಚ್ 27, ಗುರುವಾರ

ಓಟು ಪಾಸಾಯಿತು. ಹಡಗು ಬಂತು. ಇವತ್ತು ಪೆಟ್ಟಿಗೆ ಒಡೆದೆವು — ಸೀಲ್, ಸೀಲ್, ಸೀಲ್. ಕಪಾಟು ಸಾಲದೆ ನೆಲದ ಮೇಲೆಲ್ಲ ಇಟ್ಟಿದ್ದೇವೆ. ನಳಿಕೆ ಒಂದೂ ಇಲ್ಲ, ಅದು ಮುಂದಿನ ಓಟಿಗಂತೆ. ಶೆಡ್ಡಿನವರು ಚಪ್ಪಾಳೆ ತಟ್ಟಿದರು. ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ.

ಮನೆಗೆ ಬಂದರೆ ಅಮ್ಮ ಟಿವಿ ಆರಿಸಿ ಕೂತಿದ್ದಾಳೆ. ಇಷ್ಟು ದಿನ ತಡ ಮಾಡಿದರು ಅಂತ ಬೀಗರಿಗೆ ಶಾಪ ಹಾಕುತ್ತಿದ್ದವಳು ಇವತ್ತು ಸೆರಗಿನ ಅಂಚು ಸುರುಳಿ ಸುತ್ತುತ್ತಿದ್ದಳು. ಸೀಲ್ ಬಂತಂತಲ್ಲ, ಇನ್ನು ಕಡ್ಡಿ ಹೋಗ್ಬೇಕಾ ಅಂತ ಕೇಳಿದಳು.

"ಅವನ ಅಳತೇದು ಇನ್ನೂ ಬಂದಿಲ್ಲಮ್ಮ."

"ತಡವಾಗ್ಲಿ ಬಿಡು," ಅಂದಳು. "ಏನವಸರ ಅವರಿಗೆ."

ಈಗ ದಿನಾ ಅವನಿಗೆ ಅಂತ ಡಬ್ಬಿ ಕಟ್ಟುತ್ತಾಳೆ. ನಾನು ಶೆಡ್ಡಿಗೆ ಒಯ್ದು ಮೇಲಿನ ಹಾಲಿನಲ್ಲಿ ಯಾರಿದ್ದಾರೋ ಅವರಿಗೆ ಕೊಡುತ್ತೇನೆ. ಖಾಲಿ ಡಬ್ಬಿ ನೋಡಿ ಎಲ್ಲಾ ತಿಂದನಾ ಅಂತ ಕೇಳುತ್ತಾಳೆ. ತಿಂದ ಅನ್ನುತ್ತೇನೆ. ಉಪ್ಪು ಸರಿ ಇತ್ತಂತಾ? ಸರಿ ಇತ್ತಂತೆ.

ಏಪ್ರಿಲ್ 2, ಬುಧವಾರ

ಊಟದ ಬೆಲ್ ಹೊಡೆದಾಗ ಅವನ ಫೋನ್. ಎರಡು ನಿಮಿಷ, ಅದರಲ್ಲಿ ಒಂದು ನಿಮಿಷ ಹಲೋ ಹಲೋ. ಮಾವನೂ ಅವನೂ ಒಂದೇ ಗುಂಡಿಯಲ್ಲಿದ್ದಾರಂತೆ. ಮೊಣಕಾಲ ತನಕ ನೀರು. ಸೊಸೆ ಅವರ ಹಿಂದೆಯೇ ಇದ್ದಾಳಂತೆ. ಬೆಳಗ್ಗೆ ನಾಲ್ಕು ಸಲ ಹೊಡೀತಾಳೆ, ದನಿ ಮಾತ್ರ ಅತ್ತೆಯದೇ, ನಳಿಕೆ ಅದೇ ಅಲ್ವಾ, ನನ್ನ ಕಿವುಡು ಕಿವಿಗೂ ಗೊತ್ತಾಗತ್ತೆ ಅಂದ. ಆ ನಾಲ್ಕು ಕೇಳಿಸಿದರೆ ಆಚೆಯವರು ಸ್ವಲ್ಪ ಹೊತ್ತು ತಲೆ ತಗ್ಗಿಸುತ್ತಾರೆ, ಆವಾಗಲೇ ಇವರಿಗೆ ನೀರು, ರೊಟ್ಟಿ, ಗಾಯಾಳು ಸಾಗಿಸುವುದು ಎಲ್ಲ.

"ಅತ್ತೆ ಕೂಗಿದ್ಲು, ಏಳ್ರೋ ಅಂತೀವಿ. ಅಮ್ಮನ ಹತ್ರ ಸುಳ್ಳು ಸರಿಯಾಗಿ ಹೇಳ್ತಿದೀಯಾ?"

ಹೇಳ್ತಿದೀನಿ ಅನ್ನುವಷ್ಟರಲ್ಲಿ ಕಟ್ಟಾಯಿತು.

ಏಪ್ರಿಲ್ 7, ಸೋಮವಾರ

ಸೊಸೆ ಬಂದಳು. ಎಣ್ಣೆ ಸೋರಿಸುತ್ತಾ. ಅದೇ ಕಾಯಿಲೆ, ಸೀಲ್.

ಸೊಸೆ ಇಲ್ಲಿದ್ದಾಳೆ ಅಂದರೆ ಕಡ್ಡಿಯ ಹಿಂದೆ ಯಾರೂ ಇಲ್ಲ. ಟ್ರೇಲರಿನಿಂದ ಇಳಿಸುವುದಕ್ಕೂ ಕಾಯದೆ ಅದರ ಮೇಲೇ ಬಿಚ್ಚತೊಡಗಿದೆ. ಮೇಸ್ತ್ರಿ ತಾವೇ ಲೈಟ್ ಹಿಡಿದು ನಿಂತರು.

ಆ ಎಡಚ ಪಕ್ಕದಲ್ಲಿ ಬಂದು ಕೂತ. ಸ್ಪ್ಯಾನರ್ ಕೊಡುವ ನೆಪ. ಕಣ್ಣಿನ ಕೆಳಗೆ ಕಪ್ಪು. ಯಾರೂ ಕೇಳದ ಹಾಗೆ ಹೇಳಿದ.

"ಅಕ್ಕಾ, ಸ್ವಲ್ಪ ನಿಧಾನ ಮಾಡಿ. ಎರಡೇ ದಿನ. ನಮ್ಮವರು ನಿದ್ದೆ ಮಾಡಿಲ್ಲ. ಸೀಲ್ ಸಿಗಲಿಲ್ಲ ಅಂದ್ರೆ ಯಾರು ಕೇಳ್ತಾರೆ?"

ನೆಲದ ತುಂಬ ಪೆಟ್ಟಿಗೆ. ಅವನೂ ನೋಡಿದ, ನಾನೂ ನೋಡಿದೆ. ಸಿಕ್ಕಿದೆ ಕಣಪ್ಪಾ ಅಂದೆ. ಮಧ್ಯಾಹ್ನಕ್ಕೆ ಮುಗಿಸಿದೆ. ಇಷ್ಟು ಬೇಗ ಯಾವತ್ತೂ ಮಾಡಿಲ್ಲ. ಎರಡಕ್ಕೆ ಹೊರಟರು. ಅಮ್ಮನ ಡಬ್ಬಿ ಅವನ ಕೈಗಿಟ್ಟೆ, ತೆಗೆದುಕೊಳ್ಳಲಿಲ್ಲ. ಲಾರಿಯ ಹಿಂದೆ ಕೂತು ರಸ್ತೆ ನೋಡುತ್ತಿದ್ದ.

ಅವನ ಅಕ್ಕನ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ನಾಳೆ ಬೆಳಗ್ಗೆ ನಾಲ್ಕು ಕೇಳಿಸಲಿ ಕಡ್ಡಿಗೆ. ಅಷ್ಟೇ ಬೇಡುವುದು.

ಏಪ್ರಿಲ್ 8, ಮಂಗಳವಾರ

ಫೋನ್ ಇಲ್ಲ.

ಏಪ್ರಿಲ್ 11, ಶುಕ್ರವಾರ

ಸೊಸೆಯವರು ಮೇಸ್ತ್ರಿಗೆ ತಿಳಿಸಿದ್ದಾರೆ, ಮಂಗಳವಾರ ಬೆಳಗ್ಗೆಯಿಂದ ಹೊಡೀತಿದ್ದೇವೆ, ಸೀಲ್ ಗಟ್ಟಿ ಇದೆ ಅಂತ. ಸೋಮವಾರ ಏನಾಯಿತು ಅಂತ ಕೇಳಿದೆ. ಸೋಮವಾರ ಆ ಕಡೆ ಇಡೀ ದಿನ ಹೊಡೆತ ಇತ್ತಂತೆ ಅಂದರು. ಸೋಮವಾರ ಅಂದರೆ ಸೊಸೆ ಇಲ್ಲಿದ್ದ ದಿನ. ನೆಟ್‌ವರ್ಕ್ ಕಂಬ ಬಿದ್ದಿರಬೇಕು. ಬೀಳುತ್ತವೆ, ಎಷ್ಟೋ ಸಲ ಬಿದ್ದಿವೆ.

ಅಮ್ಮ ಹೊಲಿಗೆ ಯಂತ್ರ ತೆಗೆದು ಅವನಿಗೆ ಅಂಗಿ ಹೊಲಿಯುತ್ತಿದ್ದಾಳೆ. ಅಳತೆ ಸ್ವಲ್ಪ ದೊಡ್ಡದೇ ಇಟ್ಟಿದ್ದಾಳೆ, ಇಷ್ಟು ದಿನ ಕೂತು ತಿಂದಿದ್ದಾನೆ, ದಪ್ಪಗಾಗಿರ್ತಾನೆ ಅಂತ.

ಏಪ್ರಿಲ್ 14, ಸೋಮವಾರ, ಹನ್ನೆರಡೂವರೆ

ಊಟದ ಹೊತ್ತು. ಬೆಂಚಿನ ಮೇಲೆ ಕೂತಿದ್ದೇನೆ. ಬೆಳಗ್ಗೆ ಅಮ್ಮ ಕೇಳಿದಳು, ಇವತ್ತಾದರೂ ಬರುತ್ತಾ ಆ ಸೀಲ್ ಅಂತ. ಇನ್ನೂ ಬಂದಿಲ್ಲಮ್ಮ ಅಂದೆ. ನಕ್ಕು ಇನ್ನೊಂದು ಸೌಟು ಹಾಕಿದಳು.

ಗೇಟಿನ ಹತ್ತಿರ ಮೇಸ್ತ್ರಿ ಯಾರ ಜೊತೆಯೋ ಮಾತಾಡುತ್ತಿದ್ದಾರೆ. ಈ ಕಡೆ ಕೈ ಮಾಡಿದರು. ನನ್ನನ್ನೇ ಇರಬೇಕು. ಪಕ್ಕದಲ್ಲಿ ನಿಂತವರ ಮೀಸೆ ನರೆತದ್ದು — ಮಾವ. ಒಬ್ಬರೇ. ಒಂದು ಕೈಗೆ ಬ್ಯಾಂಡೇಜು, ಇನ್ನೊಂದರಲ್ಲಿ ಒಂದು ಚೀಲ. ಕೆಂಪು ಹಗ್ಗ ಸುತ್ತಿದ ಚೀಲ.

ಡಬ್ಬಿ ಇನ್ನೂ ಬಿಸಿ ಇದೆ. ತೆರೆದಿಲ್ಲ. ಸಂಜೆ ಖಾಲಿ ಮಾಡಿಕೊಂಡು ಹೋಗಬೇಕು, ಎಲ್ಲಾ ತಿಂದನಾ ಅಂತ ಕೇಳ್ತಾಳೆ, ನಾನು